ಗುತ್ತವೊಳಲಿನಿಂದ ಗಳಗನಾಥದವರೆಗೆ: ನಡೆದು ಓದುವ ಇತಿಹಾಸ



ಒಂದು ಊರಿನ ಹೆಸರನ್ನು ಬಿಡಿಸಿ ನೋಡುವುದರಿಂದ ನಮ್ಮ ಮಾತನ್ನು ಆರಂಭಿಸೋಣ. ಹಾವೇರಿಯ ಪೂರ್ವಕ್ಕೆ, ತುಂಗಭದ್ರಾ ಹೊಳೆಯ ಕಡೆಗೆ ಸಾಗುವ ದಾರಿಯಲ್ಲಿ ಗುತ್ತಲ ಎಂಬ ಊರಿದೆ. ಬಸ್ಸಿನಲ್ಲಿ ಹೋದರೆ ಒಂದು ಸಣ್ಣ ನಿದ್ದೆ ಮುಗಿಯುವಷ್ಟರಲ್ಲಿ ಬಂದುಬಿಡುವ ಊರು. ಹಳೆಯ ಶಾಸನಗಳಲ್ಲಿ ಇದರ ಹೆಸರು ಗುತ್ತವೊಳಲ್. ‘ಪೊಳಲ್’ ಎಂದರೆ ಹಳಗನ್ನಡದಲ್ಲಿ ಪಟ್ಟಣ. ನೀವು ವ್ಯಾಕರಣದಲ್ಲಿ ಓದಿದ ಆದೇಶ ಸಂಧಿಯಂತೆ ಪಕಾರ ಹೋಗಿ ವಕಾರ ಬಂದಿದೆ. ಹಾಗಾದರೆ ‘ಗುತ್ತ’ ಯಾರು?

ಗುತ್ತರು ಒಂದು ಅರಸು ಮನೆತನ. 11ನೆಯ ಶತಮಾನದಿಂದ 13ನೆಯ ಶತಮಾನದವರೆಗೆ ಅವರು ಗುತ್ತವೊಳಲನ್ನು ರಾಜಧಾನಿ ಮಾಡಿಕೊಂಡು ಈ ಹೊಳೆಸಾಲಿನ ನಾಡನ್ನು ಆಳಿದರು. ಸ್ವತಂತ್ರ ಚಕ್ರವರ್ತಿಗಳಲ್ಲ, ಸಾಮಂತರು. ಮೊದಲು ಕಲ್ಯಾಣದ ಚಾಲುಕ್ಯರಿಗೆ, ಬಳಿಕ ಕಳಚುರಿಗಳಿಗೆ, ಕೊನೆಗೆ ದೇವಗಿರಿಯ ಸೇವುಣರಿಗೆ ತಲೆಬಾಗಿ ನಡೆದವರು. ಆದರೆ ತಮ್ಮ ವಂಶದ ಬಗ್ಗೆ ಅವರು ಹೇಳಿಕೊಂಡ ಮಾತು ಮಾತ್ರ ಬಹಳ ದೊಡ್ಡದು. ತಾವು ಉಜ್ಜಯಿನಿಯ ಚಂದ್ರಗುಪ್ತನ, ವಿಕ್ರಮಾದಿತ್ಯನ ವಂಶದವರು ಎಂದು ಅವರ ಶಾಸನಗಳು ಹೇಳುತ್ತವೆ. ಅವರ ಬಿರುದು ‘ಉಜ್ಜಯಿನೀಪುರವರಾಧೀಶ್ವರ’. ಮನೆತನದಲ್ಲಿ ಗುತ್ತ, ವಿಕ್ರಮಾದಿತ್ಯ ಎಂಬ ಹೆಸರುಗಳೇ ಮರಳಿ ಮರಳಿ ಬರುತ್ತವೆ. ಸಂಸ್ಕೃತದ ‘ಸಪ್ತ’ ಪ್ರಾಕೃತದಲ್ಲಿ ‘ಸತ್ತ’ ಆದಂತೆ ‘ಗುಪ್ತ’ ಎಂಬುದು ‘ಗುತ್ತ’ ಆಗುವುದು ಸಹಜವೇ.

ಎಲ್ಲಿಯ ಉಜ್ಜಯಿನಿ, ಎಲ್ಲಿಯ ಗುತ್ತಲ! ಇದನ್ನು ನಂಬಬೇಕೆ?

ಹೇಳಿಕೆ ಬೇರೆ, ಆಧಾರ ಬೇರೆ

ಇಲ್ಲಿಯೇ ಇತಿಹಾಸದ ಮೊದಲ ಪಾಠವಿದೆ. ಗುಪ್ತ ಸಾಮ್ರಾಟ ಎರಡನೆಯ ಚಂದ್ರಗುಪ್ತ ಆಳಿದ್ದು ಸುಮಾರು 375ರಿಂದ 415ರವರೆಗೆ. ಅವನಿಗೂ ನಮ್ಮ ಗುತ್ತರಿಗೂ ನಡುವೆ ಆರು ಶತಮಾನಗಳಿಗಿಂತ ಹೆಚ್ಚಿನ ಅಂತರ. ಆ ಅಂತರವನ್ನು ತುಂಬುವ ಆಧಾರವಿಲ್ಲದೆ, ಇವರು ನಿಜವಾಗಿಯೂ ಆ ಗುಪ್ತರ ಮೊಮ್ಮಕ್ಕಳು ಎಂದು ಇತಿಹಾಸಕಾರ ಒಪ್ಪಲಾರ. ಹಾಗೆಂದು ಆ ಮಾತನ್ನು ಸುಳ್ಳೆಂದು ತಳ್ಳಿಹಾಕಿ ಸುಮ್ಮನೆ ಕೂಡುವುದೂ ಇಲ್ಲ. ಈ ಮಾತನ್ನು ಅವರು ಏಕೆ ಹೇಳಿಕೊಂಡರು ಎಂದು ಕೇಳುತ್ತಾನೆ.

ಸುತ್ತಲಿನ ನಾಡನ್ನು ನೋಡಿ. ಸವದತ್ತಿಯ ರಟ್ಟರು ತಮ್ಮನ್ನು ‘ಲತ್ತಲೂರುಪುರವರಾಧೀಶ್ವರ’ ಎಂದು ಕರೆದುಕೊಂಡರು. ಹಾನಗಲ್ಲಿನ ಕದಂಬರು ‘ಬನವಾಸಿಪುರವರಾಧೀಶ್ವರ’ರು. ಸಿಂದರು ‘ಭೋಗವತೀಪುರವರಾಧೀಶ್ವರ’ರು, ಭೋಗವತಿಯಂತೂ ಪುರಾಣದ ನಾಗಲೋಕದ ಪಟ್ಟಣ! ಹೀಗೆ ಅಂದಿನ ಪ್ರತಿಯೊಂದು ಸಾಮಂತ ಮನೆತನವೂ ತನ್ನ ಬೇರು ಯಾವುದೋ ಹಿರಿಯ ಪಟ್ಟಣದಲ್ಲಿದೆ ಎಂದು ಸಾರಿಕೊಳ್ಳುತ್ತಿತ್ತು. ನೆರೆಯವರ ನಡುವೆ ತಲೆ ಎತ್ತಿ ನಿಲ್ಲಲು ಅದು ಬೇಕಾಗಿತ್ತು. ಗುತ್ತರು ಗುಪ್ತರ ವಂಶದವರು ಎಂಬುದು ಸಿದ್ಧವಾಗದ ಸಂಗತಿ. ಗುತ್ತರು ಹಾಗೆ ಹೇಳಿಕೊಂಡರು ಎಂಬುದು ಕಲ್ಲಿನ ಮೇಲಿರುವ ಸಂಗತಿ. ಈ ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಲು ಕಲಿತವನಿಗೆ ಇತಿಹಾಸದ ಬಾಗಿಲು ತೆರೆಯಿತು ಎಂದೇ ತಿಳಿಯಿರಿ.

ಈ ಕಲ್ಲುಗಳನ್ನು ಮೊದಲು ಹುಡುಕಿ ಓದಿದವರು ಯಾರು? ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ಗ್ರಂಥವನ್ನು 1882ರಲ್ಲಿ ಹೊರತಂದರು. ಗುತ್ತರ ಚರಿತ್ರೆಯನ್ನು ಕ್ರಮವಾಗಿ ಜೋಡಿಸಿದವರಲ್ಲಿ ಅವರೇ ಮೊದಲಿಗರು. ಹೆನ್ರಿ ಕಸಿನ್ಸ್ ಈ ಭಾಗದ ಗುಡಿಗಳನ್ನು ಅಳೆದು, ಚಿತ್ರ ತೆಗೆದು, 1926ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಹೊತ್ತಗೆ ಪ್ರಕಟಿಸಿದರು. ನಮ್ಮವರೇ ಆದ ಆರ್. ಎಸ್. ಪಂಚಮುಖಿಯವರು, 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಮೂಲಕ ಈ ಕೆಲಸವನ್ನು ಮುಂದುವರಿಸಿದರು. ಇಂಥ ಕೆಲಸ ಕುರ್ಚಿಯ ಮೇಲೆ ಕುಳಿತು ಆಗುವಂಥದಲ್ಲ. ಊರೂರಿಗೆ ಹೋಗಿ, ಹಾಳು ಗುಡಿಯ ಮುಳ್ಳುಕಂಟಿ ಸರಿಸಿ, ಕಲ್ಲಿನ ಮುಂದೆ ಕೂಡಬೇಕು. ಶಾಸನ ನಿಮ್ಮ ಬಳಿಗೆ ಬರುವುದಿಲ್ಲ, ನೀವು ಅದರ ಬಳಿಗೆ ಹೋಗಬೇಕು.

ದೂರದ ಒಂದು ಹೊಳೆಯ ಕಥೆ

‘ನಾವು ವಿದ್ಯಾರ್ಥಿಗಳು, ನಮ್ಮಿಂದ ಏನಾದೀತು?’ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಫ್ರಾನ್ಸ್ ದೇಶದ ಒಂದು ಹಳ್ಳಿಗಾಡಿನ ಕಣಿವೆಗೆ ಹೋಗಿ ಬರೋಣ. ಅಲ್ಲಿ ವೆಜೇರ್ ಎಂಬ ನದಿ ಹರಿದು ದೋರ್ದೋನ್ ನದಿಯನ್ನು ಸೇರುತ್ತದೆ. 1940ರ ಸೆಪ್ಟೆಂಬರ್ 12ರಂದು ಮೊಂತಿನ್ಯಾಕ್ ಎಂಬ ಊರಿನ ಬಳಿಯ ಗುಡ್ಡದಲ್ಲಿ ನಾಲ್ವರು ಹುಡುಗರು ಒಂದು ಬಿಲದೊಳಗೆ ಇಳಿದರು. ಅವರಲ್ಲಿ ಹಿರಿಯನಿಗೆ 18 ವರ್ಷ. ದೀಪ ಎತ್ತಿ ಹಿಡಿದಾಗ ಗೋಡೆಯ ಮೇಲೆ ಗೂಳಿಗಳು, ಕುದುರೆಗಳು, ಸಾರಂಗಗಳು ಓಡುತ್ತಿರುವಂತೆ ಕಂಡವು. ಸುಮಾರು 17,000 ವರ್ಷಗಳ ಹಿಂದಿನ ಮನುಷ್ಯ ಬರೆದ ಚಿತ್ರಗಳು! ಅದೇ ಇಂದು ಲೋಕಪ್ರಸಿದ್ಧವಾದ ಲಾಸ್ಕೋ ಗುಹೆ.

ಹುಡುಗರು ಮುಂದೆ ಮಾಡಿದ ಕೆಲಸವನ್ನೂ ಗಮನಿಸಿ. ತಮ್ಮ ಊರಿನ ಶಾಲಾ ಮಾಸ್ತರರಿಗೆ ಸುದ್ದಿ ತಿಳಿಸಿದರು. ಮಾಸ್ತರರ ಮೂಲಕ ವಿಷಯ ವಿದ್ವಾಂಸರಿಗೆ ಮುಟ್ಟಿತು. ಕಥೆಗೆ ಇನ್ನೊಂದು ಮುಖವೂ ಇದೆ. 1948ರಲ್ಲಿ ಗುಹೆಯನ್ನು ಜನರಿಗೆ ತೆರೆದರು. ನೋಡಬಂದ ಸಾವಿರಾರು ಜನರ ಉಸಿರಿನಿಂದಲೇ ಚಿತ್ರಗಳು ಕೆಡತೊಡಗಿದವು. 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. 17,000 ವರ್ಷ ಉಳಿದದ್ದು 15 ವರ್ಷಗಳಲ್ಲಿ ಅಪಾಯಕ್ಕೆ ಸಿಲುಕಿತು. ಕಂಡುಹಿಡಿಯುವುದು ಅರ್ಧ ಕೆಲಸ, ಕಾಪಾಡುವುದು ಉಳಿದರ್ಧ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹೊಳೆಗೆ ಮರಳೋಣ.

ಅಂಬಿಗನ ಊರಿಗೆ

ನಾಲ್ಕೈದು ಗೆಳೆಯರು ಕೂಡಿಕೊಳ್ಳಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಆ ಯೋಜನೆಯ ಸೈಕಲ್ ನಿಮ್ಮ ಮನೆಯಲ್ಲಿಯೋ ಅಣ್ಣನ ಮನೆಯಲ್ಲಿಯೋ ಇದ್ದರೆ ಗಾಳಿ ಹಾಕಿಸಿ. ಮಳೆಗಾಲ ಮುಗಿದು ಚಳಿ ಇಳಿದ ಮೇಲೆ ಹೊರಡುವುದು ಒಳ್ಳೆಯದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ, ನೀರು, ಒಂದು ನೋಟುಬುಕ್ಕು, ಪೆನ್ಸಿಲ್ ಇದ್ದರೆ ಸಾಕು. ಮನೆಯಲ್ಲಿ ಹಿರಿಯರಿಗೆ, ಶಾಲೆಯಲ್ಲಿ ಗುರುಗಳಿಗೆ ಹೇಳಿಯೇ ಹೊರಡಿ. ದಾರಿ ಸರಿಯಿದ್ದಲ್ಲಿ ಸೈಕಲ್ ತುಳಿಯಿರಿ, ಊರು ಸಿಕ್ಕಿದಲ್ಲಿ ಇಳಿದು ನಡೆಯಿರಿ. ಬಸ್ಸಿನ ಕಿಟಕಿಯಿಂದ ಕಾಣದ ವಸ್ತು ನಡೆಯುವವನ ಕಣ್ಣಿಗೆ ಬೀಳುತ್ತದೆ.

ಗುತ್ತಲದಿಂದ ಹೊರಟವರು ಮೊದಲು ತುಂಗಭದ್ರೆಯ ದಂಡೆಯ ಚೌಡದಾನಪುರಕ್ಕೆ ಹೋಗಿ. ಇದು ರಾಣೆಬೆನ್ನೂರು ತಾಲೂಕಿನ ಊರು. ಹೊಳೆಗೆ ಹತ್ತಿರವೇ ಮುಕ್ತೇಶ್ವರ ದೇವಾಲಯ ನಿಂತಿದೆ. ಒಂದೇ ಗರ್ಭಗುಡಿಯ, ಅಳತೆಯಲ್ಲಿ ದೊಡ್ಡದಲ್ಲದ, ಆದರೆ ಕೆತ್ತನೆಯಲ್ಲಿ ಬಹಳ ಸೊಗಸಾದ ಗುಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಬಂದರು. ಅದು ಮೆದು ಕಲ್ಲು, ಉಳಿಗೆ ಒಗ್ಗುತ್ತದೆ. ಆದ್ದರಿಂದ ಆ ಕಾಲದ ಗುಡಿಗಳಲ್ಲಿ ಕೆತ್ತನೆ ಅಷ್ಟು ನವುರಾಯಿತು.

ಇಲ್ಲಿ ದೊಡ್ಡ ಕಲ್ಲುಗಳ ಮೇಲೆ ಕೊರೆದ ಏಳು ಕನ್ನಡ ಶಾಸನಗಳಿವೆ. ಗುತ್ತ ಅರಸರ ವಂಶಾವಳಿ, ಗುಡಿಗೆ ಬಿಟ್ಟ ದತ್ತಿ, ಇಲ್ಲಿ ಬಾಳಿದ ಶೈವ ಗುರುಗಳ ವಿಷಯ ಇವುಗಳಿಂದ ತಿಳಿಯುತ್ತದೆ. ಶಿವದೇವರೆಂಬ ವಿರಕ್ತರು 1225ರಲ್ಲಿ ಈ ಮುಕ್ತಿಕ್ಷೇತ್ರಕ್ಕೆ ಬಂದು ನೆಲೆಸಿದರೆಂಬುದೂ ಹೀಗೆಯೇ ಗೊತ್ತಾದದ್ದು. ಶಾಸನಗಳಲ್ಲಿ ಕಾಲವನ್ನು ಸಾಮಾನ್ಯವಾಗಿ ಶಕವರ್ಷದಲ್ಲಿ ಹೇಳಿರುತ್ತದೆ. ಅದಕ್ಕೆ 78 ಕೂಡಿಸಿದರೆ ನಮಗೆ ರೂಢಿಯಾದ ಇಸವಿ ಸಿಗುತ್ತದೆ. ಈ ಒಂದು ಲೆಕ್ಕ ಬಂದರೆ ಕರ್ನಾಟಕದ ಎಷ್ಟೋ ಕಲ್ಲುಗಳು ನಿಮ್ಮೊಡನೆ ಮಾತನಾಡತೊಡಗುತ್ತವೆ. ಈ ಗುಡಿಯನ್ನೂ ಅದರ ಶಾಸನಗಳನ್ನೂ ಕುರಿತು ವಸುಂಧರಾ ಫಿಲಿಯೋಜಾ ಅವರು ಪಿಯರ್ ಸಿಲ್ವೆನ್ ಫಿಲಿಯೋಜಾ ಅವರೊಡನೆ ಮಾಡಿದ ಅಧ್ಯಯನ 1995ರಲ್ಲಿ ಪುಸ್ತಕವಾಗಿ ಬಂತು. ಕನ್ನಡದ ಶಾಸನ ವಿದುಷಿ ಮತ್ತು ಫ್ರಾನ್ಸಿನ ಸಂಸ್ಕೃತ ವಿದ್ವಾಂಸ ಒಂದು ಚಿಕ್ಕ ಹಳ್ಳಿಯ ಗುಡಿಗಾಗಿ ಇಷ್ಟು ಶ್ರಮ ಪಟ್ಟರು ಎಂದರೆ ಆ ಗುಡಿಯ ಬೆಲೆಯನ್ನು ನೀವೇ ಊಹಿಸಿ.

ಊರಿನ ಹೆಸರಿನಲ್ಲಿ ಇನ್ನೊಬ್ಬರ ನೆನಪೂ ಇದೆ. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರಿಗೆ ಗುತ್ತ ಅರಸ ಈ ಊರನ್ನು ದಾನ ಕೊಟ್ಟನು, ಆದ್ದರಿಂದ ಇದು ಚೌಡಯ್ಯದಾನಪುರ ಎಂದು ಪರಂಪರೆ ಹೇಳುತ್ತದೆ. ಒಂದೇ ಊರಿನಲ್ಲಿ ಎರಡು ಬಗೆಯ ಇತಿಹಾಸ ನಿಂತಿರುವುದನ್ನು ನೋಡಿ. ಒಂದು ಕಡೆ ಉಜ್ಜಯಿನಿಯ ಬಿರುದು ಹೊತ್ತ ಅರಸ, ಇನ್ನೊಂದು ಕಡೆ ಹುಟ್ಟುಗೋಲು ಹಿಡಿದ ಅಂಬಿಗ. ಅರಸನ ಹೆಸರನ್ನು ಶಾಸನ ಓದುವವರು ಮಾತ್ರ ಬಲ್ಲರು. ಅಂಬಿಗನ ಹೆಸರನ್ನು ಊರೇ ಹೊತ್ತುಕೊಂಡಿದೆ, ಅವನ ವಚನಗಳನ್ನು ನಾಡೇ ಬಲ್ಲದು.

ಹೊಳೆ ಗಡಿಯಾದ ಬಗೆ

ಈಗ ದಂಡೆಯ ಮೇಲೆ ನಿಂತು ಆಚೆ ನೋಡಿ. ಎದುರು ದಂಡೆಯ ಊರುಗಳಲ್ಲಿ ಕುರುವತ್ತಿ ಒಂದು. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರ ವಿಗ್ರಹಗಳು ಹೆಸರಾದವು. ಕಲ್ಯಾಣ ಚಾಲುಕ್ಯರ ಚಕ್ರವರ್ತಿ ಒಂದನೆಯ ಸೋಮೇಶ್ವರ ವಾಸಿಯಾಗದ ರೋಗಕ್ಕೆ ತುತ್ತಾಗಿ, 1068ರಲ್ಲಿ ಕುರುವತ್ತಿಯ ಬಳಿ ಇದೇ ತುಂಗಭದ್ರೆಯಲ್ಲಿ ಜಲಸಮಾಧಿ ಹೊಂದಿದನು. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಕೊನೆಯ ಗಳಿಗೆಗೆ ಆರಿಸಿಕೊಂಡ ಜಾಗ ನಮ್ಮ ಹೊಳೆಯ ಈ ತಿರುವು.

ಆದರೆ ಚೌಡದಾನಪುರ ಹಾವೇರಿ ಜಿಲ್ಲೆಯಲ್ಲಿದೆ, ಕುರುವತ್ತಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಬ್ರಿಟಿಷರ ಕಾಲದಲ್ಲಿ ಈ ಭೇದ ಇನ್ನೂ ಆಳವಾಗಿತ್ತು. ಹೊಳೆಯ ಈಚೆ ಮುಂಬಯಿ ಪ್ರಾಂತ, ಆಚೆ ಮದ್ರಾಸ್ ಪ್ರಾಂತ. ಎರಡೂ ದಂಡೆಯ ಜನ ಆಡುವ ಮಾತು ಕನ್ನಡ, ಅವರ ಅರ್ಜಿ ಹೋಗುತ್ತಿದ್ದುದು ಮಾತ್ರ ಬೇರೆ ಬೇರೆ ಕಚೇರಿಗಳಿಗೆ. ಶಾಸನಗಳಿಗೂ ಇದೇ ಗತಿಯಾಯಿತು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ಮದ್ರಾಸ್ ಕಡೆಯ ಕನ್ನಡ ಶಾಸನಗಳು 9ನೆಯ ಸಂಪುಟಕ್ಕೆ ಹೋದವು. ಮುಂಬಯಿ ಕರ್ನಾಟಕದವು 11, 15, 18ನೆಯ ಸಂಪುಟಗಳಿಗೆ ಬಂದವು. ಒಂದೇ ಹೊಳೆಯ ನೀರು ಕುಡಿದ ಊರುಗಳ ಚರಿತ್ರೆ ಬೇರೆ ಬೇರೆ ಹೊತ್ತಗೆಗಳಲ್ಲಿ ಕುಳಿತಿತು. 1953ರಲ್ಲಿ ಬಳ್ಳಾರಿ, 1956ರಲ್ಲಿ ಧಾರವಾಡ ಮೈಸೂರು ರಾಜ್ಯವನ್ನು ಸೇರಿದ ಮೇಲೆಯೇ ಎರಡೂ ದಂಡೆಗಳು ಒಂದು ಆಡಳಿತದ ಕೆಳಗೆ ಬಂದದ್ದು.

ಗುತ್ತರ ಕಾಲದ ಮನುಷ್ಯನಿಗೆ ಈ ಹೊಳೆ ಗೋಡೆಯಾಗಿರಲಿಲ್ಲ. ಅಂಬಿಗ ಇದ್ದನೆಂದರೆ ದಾಟುವವರು ಇದ್ದರು ಎಂದೇ ಅರ್ಥ. ಆಚೆ ದಂಡೆಯ ಮೈಲಾರದ ಜಾತ್ರೆಗೆ, ಅಲ್ಲಿಯ ಕಾರಣಿಕ ಕೇಳಲಿಕ್ಕೆ ಈ ಕಡೆಯ ಜನ ತಲೆಮಾರುಗಳಿಂದ ಕಾಲ್ನಡಿಗೆಯಲ್ಲಿ, ಚಕ್ಕಡಿ ಕಟ್ಟಿಕೊಂಡು ಹೋಗುತ್ತ ಬಂದಿದ್ದಾರೆ. ನಕಾಶೆಯಲ್ಲಿ ನದಿ ಒಂದು ಗೆರೆಯಂತೆ ಕಾಣುತ್ತದೆ. ನಡೆದು ಬಂದು ದಂಡೆಯ ಮೇಲೆ ನಿಂತವನಿಗೆ ಅದು ಎರಡು ಕಡೆಯ ಊರುಗಳನ್ನು ಸೇರಿಸುವ ದಾರಿಯಾಗಿ ಕಾಣುತ್ತದೆ.

ಎರಡು ನದಿ ಕೂಡುವಲ್ಲಿ

ಹೊಳೆ ಹರಿಯುವ ದಿಕ್ಕಿನಲ್ಲಿಯೇ ಮುಂದೆ ಸಾಗಿದರೆ ಗಳಗನಾಥ. ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಕದಂಬರ ಬನವಾಸಿಯನ್ನು ಬಳಸಿಕೊಂಡು ಬಂದ ವರದಾ ನದಿ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ಬಳಿಯ ಗಳಗೇಶ್ವರ ದೇವಾಲಯ ಚಾಲುಕ್ಯರ ಕಾಲದ್ದು. ಅದರ ಶಿಖರದ ತಳಭಾಗವನ್ನು ಸುತ್ತಿ ನೋಡಿ. ಬೇರೆ ಗುಡಿಗಳಂತೆ ಗೋಡೆ ನೇರವಾಗಿ ಎದ್ದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಪಿರಮಿಡ್ಡಿನಂತೆ ಹೊರಕ್ಕೆ ಚಾಚಿದೆ. ಎರಡು ನದಿಗಳ ನಡುವಿನ ಮೆತ್ತನೆಯ ನೆಲದಲ್ಲಿ ಕಟ್ಟುವವನಿಗೆ ಏನೇನು ಚಿಂತೆ ಇದ್ದೀತು? ಉತ್ತರವನ್ನು ಅಲ್ಲಿಯೇ ನಿಂತು ನೀವೇ ಯೋಚಿಸಿ, ಆ ಮೇಲೆ ಗುರುಗಳೊಡನೆ ಚರ್ಚಿಸಿ.

ಈ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು ವೆಂಕಟೇಶ ತಿರಕೋ ಕುಲಕರ್ಣಿ. 1869ರಿಂದ 1942ರವರೆಗೆ ಬಾಳಿದ ಗಳಗನಾಥರು ವಿಜಯನಗರದ ಕಥೆಯನ್ನು ‘ಮಾಧವ ಕರುಣಾ ವಿಲಾಸ’ದಂಥ ಕಾದಂಬರಿಗಳಲ್ಲಿ ಬರೆದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. ಹೀಗೆ ಕನ್ನಡಿಗರಿಗೆ ತಮ್ಮ ಇತಿಹಾಸದ ರುಚಿ ಹತ್ತಿದ್ದು ಕೂಡ ಒಬ್ಬರ ಕಾಲ್ನಡಿಗೆಯಿಂದಲೇ.

ಸಂಗಮದಿಂದ ವರದೆಯ ಗುಂಟ ಮೇಲಕ್ಕೆ ಹೋದರೆ ಹೊಸರಿತ್ತಿ ಸಿಗುತ್ತದೆ. ಇಲ್ಲಿ ಸೈಕಲ್ ನಿಲ್ಲಿಸಿ, ತಲೆಬಾಗಿ ನಿಲ್ಲಿ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವರು 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆ ಹಾಕಿದ ಕನ್ನಡಿಗ. ಸಾಬರಮತಿಯಿಂದ ದಾಂಡಿಗೆ ಸುಮಾರು 385 ಕಿಲೋಮೀಟರು, 24 ದಿನಗಳ ನಡಿಗೆ. ಆಗ ಅವರ ವಯಸ್ಸು ನಿಮ್ಮಲ್ಲಿ ಕಾಲೇಜಿಗೆ ಹೋಗುವವರಷ್ಟೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ಕಂದಾಯದ ಹಣ ಇಟ್ಟಿದ್ದ ಠಾಣ್ಯದ ಮೇಲೆ ದಾಳಿ ನಡೆಸಿದಾಗ ಪೊಲೀಸರ ಗುಂಡಿಗೆ ಅವರು ಬಲಿಯಾದರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೊಡನೆ ಪ್ರಾಣ ಕೊಟ್ಟರು.

ಕಲ್ಲು ಮೂಕವಾಗದಿರಲಿ

ಈ ದಾರಿಯಲ್ಲಿ ನಿಮಗೆ ವೀರರ ಇನ್ನೊಂದು ಬಗೆಯ ನೆನಪೂ ಸಿಗುತ್ತದೆ. ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಪಕ್ಕದಲ್ಲಿ, ಬೇವಿನ ಮರದ ಬುಡದಲ್ಲಿ ನಿಂತಿರುವ ವೀರಗಲ್ಲುಗಳು. ಓದುವ ಕ್ರಮ ಸುಲಭ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಂತದಲ್ಲಿ ಕಾಳಗ. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ಎದುರಿಸಿ ಮಡಿದವನಾದರೆ ದನಗಳ ಚಿತ್ರವೂ ಇರುತ್ತದೆ. ನಡುವಿನಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲೋಕ ಸೇರಿ ಲಿಂಗದ ಮುಂದೆ ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೆ ಈ ಹೆಸರು ಇರಲಿ ಎಂದು ಅರ್ಥ.

ಹೊಲದಲ್ಲಿರುವ ಹಿರಿಯರನ್ನು “ಅಜ್ಜಾರ, ಇದು ಯಾರ ಕಲ್ಲರಿ?” ಎಂದು ವಿನಯದಿಂದ ಕೇಳಿ. ಅವರು ಹೇಳುವ ಕಥೆ ಕಲ್ಲಿನ ಕಥೆಗೆ ಹೊಂದದಿರಬಹುದು. ಆದರೂ ಬರೆದುಕೊಳ್ಳಿ. ಗುತ್ತರ ಉಜ್ಜಯಿನಿಯಂತೆ ಅದೂ ಒಂದು ಹೇಳಿಕೆ. ಹೇಳಿಕೆಗೂ ತನ್ನದೇ ಬೆಲೆಯಿದೆ.

ಸೂರ್ಯಚಂದ್ರರಿರುವವರೆಗೆ ಎಂದು ನಿಲ್ಲಿಸಿದ ಕಲ್ಲುಗಳು ನಮ್ಮ ಕಣ್ಣೆದುರಿಗೇ ಅಳಿಯುತ್ತಿವೆ. ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಕೆಲವು ಮನೆಯ ಮೆಟ್ಟಿಲುಗಳಾಗಿವೆ. ಕೆಲವಕ್ಕೆ ಭಕ್ತಿಯಿಂದಲೇ ದಪ್ಪ ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚಲಾಗಿದೆ. ಯಾರ ಮೇಲೂ ಸಿಟ್ಟಾಗಬೇಡಿ. ಅದರಲ್ಲಿ ಏನು ಬರೆದಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳುವವರು ನೀವಾಗಬೇಕು.

ಇಂಥ ಕಲ್ಲು ಕಂಡಾಗ ಏನು ಮಾಡಬೇಕು? ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಅರಿಷಿಣ ಏನನ್ನೂ ತಿಕ್ಕಬೇಡಿ, ಮೊಳೆಯಿಂದ ಕೆರೆಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ನೆರಳು ತಾನಾಗಿಯೇ ಎದ್ದು ಕಾಣುತ್ತದೆ. ಆಗ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಊರು, ಹೊಲ, ಹತ್ತಿರದ ಗುರುತು, ದಿನಾಂಕ ಬರೆದಿಡಿ. ಕಲ್ಲನ್ನು ಕಿತ್ತು ತರಬೇಡಿ, ಇದ್ದ ಜಾಗವೂ ಅದರ ಚರಿತ್ರೆಯ ಭಾಗ. ಬಳಿಕ, ಆ ಫ್ರೆಂಚ್ ಹುಡುಗರಂತೆ, ನಿಮ್ಮ ಗುರುಗಳಿಗೆ ತಿಳಿಸಿ. ಅವರ ಮೂಲಕ ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಲಿ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕೇಂದ್ರದಲ್ಲಿ 1958ರ, ರಾಜ್ಯದಲ್ಲಿ 1961ರ ಕಾಯಿದೆಗಳಿವೆ. ಆದರೆ ಯಾವ ಕಾಯಿದೆಯೂ ಪ್ರತಿ ಹೊಲದ ಬದುವಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಲಾರದು. ಆ ಹೊಲದ ದಾರಿಯಲ್ಲಿ ದಿನಾಲು ಶಾಲೆಗೆ ಹೋಗುವವರು ನೀವು.

ಗುತ್ತರು ಉಜ್ಜಯಿನಿಯಿಂದ ಬಂದರೋ ಇಲ್ಲವೋ, ಹೇಳಲು ಆಧಾರ ಸಾಲದು. ನಾಳೆ ಯಾವುದೋ ಹೊಲದಲ್ಲಿ ಮಗುಚಿ ಬಿದ್ದ ಒಂದು ಕಲ್ಲು ಆ ಆಧಾರವನ್ನು ಕೊಟ್ಟರೂ ಕೊಡಬಹುದು. ಅದು ಅಲ್ಲಿಯವರೆಗೆ ಉಳಿದಿರಬೇಕು, ಅದನ್ನು ಕಾಣಬಲ್ಲ ಕಣ್ಣು ಆ ದಾರಿಯಲ್ಲಿ ಹಾದುಹೋಗಬೇಕು. ಮುಂದಿನ ರಜೆಯಲ್ಲಿ ಸೈಕಲ್ ಹೊರತೆಗೆಯಿರಿ. ನಿಮ್ಮೂರು ಗುತ್ತಲವೇ ಆಗಬೇಕೆಂದಿಲ್ಲ. ನಿಮ್ಮೂರಿಗೂ ಒಂದು ಹೊಳೆಯೋ ಹಳ್ಳವೋ ಇದ್ದೇ ಇರುತ್ತದೆ. ಅದರ ದಂಡೆಯ ಗುಂಟ ಹೊರಡಿ.